ಕಟಕಟ ನಿಂತ ಮೇಲೆ

ನಮ್ಮ ಮನೆಗೆ ಕಾಲಿಂಗ್ ಬೆಲ್ ಇದೆ. ಆದರೆ ನಾನು ಬಂದದ್ದು ಗೊತ್ತಾಗುತ್ತಿದ್ದುದು ಅದರಿಂದಲ್ಲ. ಬೀದಿಯ ತುದಿಯಲ್ಲೊಂದು ಹಂಪ್ ಇದೆ. ನನ್ನ 2004ರ ಮಾರುತಿ 800 ಅದನ್ನು ಹತ್ತಿ ಇಳಿದರೆ "ಕಟ್, ಕಟಕಟ, ಢಬ್" ಅಂತ ಸದ್ದು. ಢಬ್ ಕೇಳಿದ ಕೂಡಲೇ ಹೆಂಡತಿ ಹಾಲು ಒಲೆಗಿಡುತ್ತಿದ್ದಳು. ನಾನು ಕಾರು ನಿಲ್ಲಿಸಿ ಚಪ್ಪಲಿ ಬಿಡುವಷ್ಟರಲ್ಲಿ ಕಾಫಿ ರೆಡಿ.

ರಸ್ತೆಗಳಿಗೆ ಅಳತೆ-ಮಾನದಂಡ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬಹುದು. ನಮ್ಮ ಬೀದಿಯದ್ದು ಯಾರೋ ಮನೆ ಕಟ್ಟಿ ಮಿಕ್ಕ ಕಾಂಕ್ರೀಟನ್ನು ರಾತ್ರೋರಾತ್ರಿ ಸುರಿದು ಹೋದದ್ದು. 12 ಇಂಚಿನ ನನ್ನ ಚಕ್ರಕ್ಕೆ ಅದು ಚಾಮುಂಡಿ ಬೆಟ್ಟ.

ಸದ್ದು ಎಲ್ಲಿಂದ ಅಂತ ನಾನೇ ಕಂಡುಹಿಡಿಯೋಣ ಅಂದುಕೊಂಡು ಒಂದು ಭಾನುವಾರ ಕಾರಿನ ಎದುರು ಕುಕ್ಕರುಗಾಲಲ್ಲಿ ಕೂತೆ. ಹೆಂಡತಿಗೆ ಸ್ಟೀರಿಂಗ್ ಕೊಟ್ಟೆ.

"ಎಡಕ್ಕೆ ತಿರುಗಿಸು."

"ನಿಮ್ಮ ಎಡಾನೋ, ನನ್ನ ಎಡಾನೋ?"

ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಕೊಡುವ ವಿಷಯದಲ್ಲಿ ನಾನು ಸ್ವಲ್ಪ ದನಿ ಏರಿಸಿದೆ. ತಪಾಸಣೆ ಅಲ್ಲಿಗೇ ಮುಗಿಯಿತು. ಆವತ್ತು ಕಾಫಿಯೂ ಇಲ್ಲ.

ಕೊನೆಗೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಜಾಕ್ ಏರಿಸಿ, ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರು. ಅದು ಹಾಲುಹಲ್ಲಿನ ಹಾಗೆ ಅಲ್ಲಾಡಿತು.

"ಬಾಲ್ ಜಾಯಿಂಟ್ ಹೋಗಿದೆ ಸರ್. ಚಕ್ರಾನ ಹಿಡಿದಿಟ್ಟಿರೋ ಕೀಲು ಅದು. ಕಳಚಿಕೊಂಡ್ರೆ ಚಕ್ರ ಒಂದು ದಾರಿ, ನೀವು ಒಂದು ದಾರಿ."

ಚಕ್ರವನ್ನು ಕಾರಿಗೆ ಸೇರಿಸುವ ಕಬ್ಬಿಣದ ತೋಳು, ಅಂದರೆ ಲೋವರ್ ಆರ್ಮ್, ಅದರ ಬುಶ್‌ನ ರಬ್ಬರು ಹಳೇ ಹವಾಯಿ ಚಪ್ಪಲಿಯಂತೆ ಬಿರುಕು ಬಿಟ್ಟಿತ್ತು. ಎಡಗಡೆ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿಕೊಂಡು ಕೂತಿತ್ತು. ಎಡಕ್ಕೆ ಮಾತ್ರ ಹೊಸದು ಹಾಕಿದ್ರೆ ಸಾಕಲ್ವಾ ಅಂತ ಮೆಲ್ಲಗೆ ಕೇಳಿದೆ. "ಒಂದು ಕಾಲಿಗೆ ಹೊಸ ಬೂಟು, ಇನ್ನೊಂದಕ್ಕೆ ಹಳೇದು ಹಾಕ್ಕೊಂಡು ನಡೀತೀರಾ?" ಅಂದರು. ಸುಮ್ಮನಾದೆ. ಬೆಂಗಳೂರಿನ ಜೆ.ಸಿ. ರೋಡಿನಿಂದ ಎರಡೂ ಕಡೆಯ ಸಾಮಾನು ಬಂತು.

ಕೆಲಸದ ದಿನ ನಾನೂ ಪಕ್ಕದಲ್ಲೇ ನಿಂತಿದ್ದೆ. ತುಕ್ಕು ಹಿಡಿದ ಒಂದು ಬೋಲ್ಟ್ ಬಿಚ್ಚಿಸಲು ಒಂದು ಗಂಟೆ ಹಿಡಿಯಿತು. ಎಲ್ಲ ಕೂಡಿಸಿದ ಮೇಲೆ ಬುಶ್ ಬೋಲ್ಟನ್ನು ಅವರು ಅರ್ಧ ಬಿಗಿ ಮಾಡಿ ಬಿಟ್ಟರು. ಮರೆತರೇನೋ ಅಂತ ನಾನು ಬುದ್ಧಿವಂತನ ಹಾಗೆ ತೋರಿಸಿದೆ. ಚಕ್ರ ನೆಲಕ್ಕಿಳಿದು ಕಾರಿನ ಭಾರ ಬಿದ್ದ ಮೇಲೇ ಪೂರ್ತಿ ಬಿಗಿ ಮಾಡಬೇಕಂತೆ. ನೇತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದಂತೆ. "ನೀವು ಟೀ ಕುಡ್ಕೊಂಡು ಬನ್ನಿ ಸರ್" ಅಂದರು. ಎರಡು ಸಲ ಕುಡಿದು ಬಂದೆ. ಆಮೇಲೆ ವೀಲ್ ಅಲೈನ್‌ಮೆಂಟ್, ಬಿಲ್ಲು. ಬಿಲ್ಲಿನ ವಿಷಯ ಬೇಡ.

ಸಂಜೆ ಹಂಪ್ ಹತ್ತಿ ಇಳಿದೆ. ಸದ್ದೇ ಇಲ್ಲ! ಹೆಮ್ಮೆಯಿಂದ ಮನೆಯೊಳಗೆ ಬಂದರೆ ಒಲೆ ತಣ್ಣಗಿತ್ತು. ಮಗ ಗಣಿತದ ಪುಸ್ತಕದೊಳಗೆ ಮೊಬೈಲ್ ಇಟ್ಟುಕೊಂಡು ನಗುತ್ತಿದ್ದ. ಅತ್ತೆ ಫೋನಿನಲ್ಲಿ ಯಾರಿಗೋ "ನಮ್ಮ ಅಳಿಯಂದಿರು ಒಳ್ಳೆಯವರೇ, ಆದರೆ..." ಅನ್ನುತ್ತಿದ್ದವರು ನನ್ನನ್ನು ನೋಡಿ "ಇಲ್ಲಿ ಮಳೆ ಏನೂ ಇಲ್ಲ" ಅಂದರು.

"ಹೀಗೆ ಕಳ್ಳನ ತರ ಬಂದ್ರೆ ಹೇಗ್ರೀ? ಇನ್ಮೇಲೆ ಹಂಪ್ ಹತ್ರ ಹಾರ್ನ್ ಹೊಡೀರಿ" ಅಂದಳು ಹೆಂಡತಿ. ಈಗ ದಿನಾ ಹೊಡೆಯುತ್ತೇನೆ. ಆದರೆ ಆ "ಆದರೆ" ಮುಂದೆ ಏನಿತ್ತು ಅನ್ನುವುದು ಮಾತ್ರ ತಲೆ ತಿನ್ನುತ್ತಲೇ ಇತ್ತು.

ಮೊನ್ನೆ ಬೇಕಂತಲೇ ಹಾರ್ನ್ ಹೊಡೆಯಲಿಲ್ಲ. ಕಾರನ್ನು ಮೆಲ್ಲಗೆ ನಿಲ್ಲಿಸಿದೆ. ಅತ್ತೆ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. "ನಮ್ಮ ಅಳಿಯಂದಿರು..." ಅಂತ ಶುರುವಾಯಿತು. ಸರಿಯಾಗಿ ಕೇಳಿಸಲಿ ಅಂತ ಕಿಟಕಿಯ ಕೆಳಗೆ ಬಗ್ಗಿ ಕೂತೆ.

ನನ್ನ ಎಡ ಮಂಡಿ "ಕಟ್" ಅಂತು.

ಅತ್ತೆ ಫೋನ್ ಇಟ್ಟರು. ಒಳಗೆ ಹೆಂಡತಿ ಹಾಲು ಒಲೆಗಿಟ್ಟಳು.