24 ಡಾಲರಿನ ಮಣಿಸರ: ವಸಾಹತುಗಾರರ ದೌರ್ಜನ್ಯವನ್ನು ವ್ಯಂಗ್ಯಕಥೆಯಾಗಿ ಬರೆಯಬಹುದೇ?

ಪರ

1969ರ ನವೆಂಬರ್ 20ರಂದು ಅಮೆರಿಕದ ಮೂಲನಿವಾಸಿಗಳ ಗುಂಪೊಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಲ್ಕಟ್ರಾಜ್ ದ್ವೀಪಕ್ಕೆ ಬಂದಿಳಿಯಿತು. ಮುಚ್ಚಿಹೋಗಿದ್ದ ಸೆರೆಮನೆಯ ಆ ಬಂಡೆಗೆ ಅವರು ಕಟ್ಟಿದ ಬೆಲೆ 24 ಡಾಲರ್. ಅದೂ ರೊಕ್ಕವಲ್ಲ, ಗಾಜಿನ ಮಣಿ ಮತ್ತು ಕೆಂಪು ಬಟ್ಟೆ! ಮುನ್ನೂರು ವರ್ಷಗಳ ಹಿಂದೆ ಬಿಳಿಯರು ಇಂಥದ್ದೇ ಒಂದು ದ್ವೀಪವನ್ನು, ಅಂದರೆ ಈಗಿನ ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್ನನ್ನು, ಹೀಗೆಯೇ ಕೊಂಡಿದ್ದರಲ್ಲವೇ ಎಂಬುದು ಅವರ ವಾದ.

ಅವರ ಘೋಷಣೆಯನ್ನು ಓದಬೇಕು. ಈ ದ್ವೀಪದಲ್ಲಿ ಹರಿಯುವ ಸಿಹಿನೀರಿಲ್ಲ, ಕೈಗಾರಿಕೆಯಿಲ್ಲ, ಆಸ್ಪತ್ರೆಯಿಲ್ಲ, ಶಾಲೆಯಿಲ್ಲ, ನೆಲವೆಲ್ಲ ಕಲ್ಲು, ಇಲ್ಲಿದ್ದವರು ಸದಾ ಕೈದಿಗಳೇ. ಆದ್ದರಿಂದ ಬಿಳಿಯರ ಅಳತೆಗೋಲಿನಂತೆಯೇ ಇದು ನಮ್ಮ ಜನರನ್ನು ಇಡಲು ಹೇಳಿ ಮಾಡಿಸಿದ ಜಾಗ ಎನ್ನುತ್ತದೆ ಅದು. ಮೂಲನಿವಾಸಿಗಳ ವ್ಯವಹಾರಕ್ಕೆಂದು ಸರ್ಕಾರ ಇಟ್ಟಿದ್ದ ಇಲಾಖೆಯನ್ನು ಅಣಕಿಸಿ, ಬಿಳಿಯರ ಯೋಗಕ್ಷೇಮಕ್ಕೆ ಒಂದು ಇಲಾಖೆ ತೆರೆಯುವ ಭರವಸೆಯೂ ಇದೆ. ಮೂಲನಿವಾಸಿಗಳಿಗೆಂದು ಸರ್ಕಾರ ಗೊತ್ತುಮಾಡಿದ ಮೀಸಲು ಪ್ರದೇಶಗಳ ದುಸ್ಥಿತಿಯ ಬಗ್ಗೆ ಹತ್ತು ವರದಿಗಳನ್ನು ಓದಿಯೂ ಅಲುಗದ ಓದುಗ ಇಲ್ಲಿ ನಗುತ್ತಾನೆ, ನಕ್ಕ ಮೇಲೆ ಮುಜುಗರಪಡುತ್ತಾನೆ. ಕರುಣೆಯ ಕಥೆಗೆ ಎರಡು ಹನಿ ಕಣ್ಣೀರು ಸುರಿಸಿ ಋಣ ತೀರಿತೆಂದು ಎದ್ದುಹೋಗಬಹುದು. ಈ ಮುಜುಗರ ಅಷ್ಟು ಸುಲಭವಾಗಿ ಬಿಡುವಂಥದ್ದಲ್ಲ.

1988ರ ಜನವರಿ 26ರಂದು, ಬ್ರಿಟಿಷರು ಆಸ್ಟ್ರೇಲಿಯಾದಲ್ಲಿ ಬಾವುಟ ನೆಟ್ಟು ಸರಿಯಾಗಿ ಇನ್ನೂರು ವರ್ಷ ತುಂಬಿದ ದಿನ, ಅಲ್ಲಿನ ಮೂಲನಿವಾಸಿ ಬರ್ನಮ್ ಬರ್ನಮ್ ಇಂಗ್ಲೆಂಡಿನ ಡೋವರ್ ಬಳಿ ಬಾವುಟ ನೆಟ್ಟು, ಈ ದೇಶ ನಮ್ಮದಾಯಿತು ಎಂದು ಸಾರಿದರು. ಅದಕ್ಕೆ ಟಿಪ್ಪಣಿ ಬೇಕೇ?

ವಿರೋಧ

ಮೇಲಿನ ಎರಡೂ ಕಡೆ ನಗಿಸಿದವರು ನೆಲ ಕಳೆದುಕೊಂಡವರೇ. ನಾವು ನಗರದ ಮನೆಯಲ್ಲಿ ಕುಳಿತು ಬರೆದರೆ ಏನಾಗುತ್ತದೆ? ನಮ್ಮ ನಾಟಕ, ಸಿನಿಮಾಗಳಲ್ಲಿ ಕಾಡಿನವರೆಂದರೆ ಸೊಪ್ಪಿನ ಉಡುಗೆ, ತೊದಲು ಮಾತು. ಬಾಣ ದೊರೆಗೆ ಗುರಿಯಿಟ್ಟದ್ದು ಎಂದು ಹೇಳಿಕೊಂಡರೂ ನಗು ಬೀಳುವುದು ಸೊಪ್ಪು ಉಟ್ಟವನ ಮೇಲೆ.

ಇನ್ನೊಂದು ತೊಡಕಿದೆ. ವ್ಯಂಗ್ಯಕ್ಕೆ ಉತ್ಪ್ರೇಕ್ಷೆ ಬೇಕು. ಆದರೆ ವಸಾಹತುಗಾರರ ಕಾಗದಪತ್ರಗಳೇ ಅದಕ್ಕೆ ಜಾಗ ಉಳಿಸಿಲ್ಲ. ಅಮೆರಿಕ ಖಂಡದ ಮೂಲನಿವಾಸಿಗಳ ಮುಂದೆ ಓದಲೆಂದು ಸಿದ್ಧವಾದ 1513ರ ಸ್ಪೇನಿನ ಘೋಷಣಾಪತ್ರವೊಂದನ್ನು ನೋಡಿ. ಪಾಲಾಸಿಯೋಸ್ ರೂಬಿಯೋಸ್ ಎಂಬ ಕಾನೂನು ಪಂಡಿತ ಬರೆದದ್ದು. ಪೋಪ್ ಈ ನೆಲವನ್ನು ನಮ್ಮ ದೊರೆಗಳಿಗೆ ಕೊಟ್ಟಿದ್ದಾರೆ, ಶರಣಾಗಿ. ಇಲ್ಲವಾದರೆ ನಿಮ್ಮ ಹೆಂಡಿರು ಮಕ್ಕಳನ್ನು ಗುಲಾಮರನ್ನಾಗಿ ಮಾಡುತ್ತೇವೆ, ಆಗುವ ಸಾವುನೋವಿಗೆ ತಪ್ಪು ನಿಮ್ಮದೇ ಎಂಬುದು ಅದರ ಸಾರ. ಕೇಳುವವರಿಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ಅದನ್ನು ಓದುತ್ತಿದ್ದರು, ಕೆಲವೊಮ್ಮೆ ಜನ ಓಡಿಹೋಗಿ ಬರಿದಾದ ಊರಿನ ಮುಂದೆಯೂ. ನಗಬೇಕೋ ಅಳಬೇಕೋ ತಿಳಿಯದು ಎಂದು ಪಾದ್ರಿ ಲಾಸ್ ಕಾಸಾಸ್ ಅಂದೇ ಬರೆದಿಟ್ಟರು.

ಓದಿ ಮುಗಿದ ಮೇಲೆ, ಓದಿದ್ದಕ್ಕೆ ಲಿಖಿತ ಸಾಕ್ಷಿ ಕೊಡಬೇಕೆಂದು ಪಕ್ಕದಲ್ಲಿ ನಿಂತ ನೋಟರಿಯನ್ನು ಕೇಳಿಕೊಳ್ಳುವ ಸಾಲೂ ಅದರಲ್ಲೇ ಇದೆ. ಇದಕ್ಕೆ ಕಥೆಗಾರ ಇನ್ನೇನು ಸೇರಿಸಿಯಾನು?