ಹಳೆಯ ಬಡಾವಣೆ ಮೈದಾನಗಳಿಗೆ ಫುಟಿ ಮರಳಬೇಕೇ? ಪರ ಮತ್ತು ವಿರೋಧ

ಮೆಲ್ಬರ್ನ್‌ನವರು ‘ಫುಟಿ’ ಎಂದು ಕರೆಯುವ ಆಟ ಕೋಲ್ಕತ್ತದಲ್ಲಿಯೋ ಗೋವಾದಲ್ಲಿಯೋ ನಾವು ನೋಡುವ ಫುಟ್‌ಬಾಲ್ ಅಲ್ಲ. ಕ್ರಿಕೆಟ್ ಮೈದಾನದಂತಹ ದೊಡ್ಡ ಅಂಡಾಕಾರದ ಬಯಲಿನಲ್ಲಿ ತಂಡಕ್ಕೆ ಹದಿನೆಂಟು ಮಂದಿಯಂತೆ ಆಡುವ ಆಟವಿದು. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿರುತ್ತವೆ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ 6 ಅಂಕ, ಪಕ್ಕದ ಸಂದಿನಲ್ಲಿ ಹೋದರೆ 1 ಅಂಕ. 1897ರಲ್ಲಿ ಎಂಟು ಕ್ಲಬ್ಬುಗಳೊಂದಿಗೆ ಮೊದಲ ಋತು ಆಡಿದ ವಿಕ್ಟೋರಿಯನ್ ಫುಟ್‌ಬಾಲ್ ಲೀಗಿನಲ್ಲಿ 1925ರ ಹೊತ್ತಿಗೆ ಹನ್ನೆರಡು ಕ್ಲಬ್ಬುಗಳಿದ್ದವು. ಜೀಲಾಂಗ್ ಒಂದನ್ನು ಬಿಟ್ಟರೆ ಉಳಿದವೆಲ್ಲ ಮೆಲ್ಬರ್ನ್ ನಗರದವೇ, ಬಹುತೇಕ ಎಲ್ಲಕ್ಕೂ ತಮ್ಮ ಬಡಾವಣೆಯದೇ ಹೆಸರು, ಬಡಾವಣೆಯೊಳಗೇ ಮೈದಾನ. ಲೀಗು ದೇಶವ್ಯಾಪಿಯಾಗಿ 1990ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರು ಪಡೆಯುವ ಮೊದಲೇ ಶುರುವಾಗಿದ್ದ, ಬಡಾವಣೆ ಮೈದಾನಗಳಿಂದ ದೊಡ್ಡ ಕ್ರೀಡಾಂಗಣಗಳತ್ತ ಪಂದ್ಯಗಳ ವಲಸೆ 2005ರ ಮೇ 21ರಂದು ಮುಗಿಯಿತು. ಅಂದು ಪ್ರಿನ್ಸಸ್ ಪಾರ್ಕಿನಲ್ಲಿ ಕಾರ್ಲ್‌ಟನ್ ಮತ್ತು ಮೆಲ್ಬರ್ನ್ ತಂಡಗಳು ಆಡಿದ ಮೇಲೆ ನಗರದ ಪುರುಷರ ಲೀಗ್ ಪಂದ್ಯಗಳೆಲ್ಲ ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಮತ್ತು ಡಾಕ್‌ಲ್ಯಾಂಡ್ಸ್ ಎಂಬ ಎರಡೇ ಕ್ರೀಡಾಂಗಣಗಳ ಪಾಲಾದವು. ವರ್ಷಕ್ಕೆ ನಾಲ್ಕಾರು ಪಂದ್ಯಗಳನ್ನಾದರೂ ಹಳೆಯ ಮೈದಾನಗಳಿಗೆ ಮರಳಿ ತರಬೇಕು ಎಂಬ ಕೂಗು ಅಂದಿನಿಂದಲೂ ಇದೆ. ತರಬೇಕೇ?

ಪರ

ಈ ಹಂಬಲವನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವವರು ಮೊದಲು ಆಟದ ನಿಯಮವನ್ನೇ ಗಮನಿಸಬೇಕು. ಫುಟಿ ಮೈದಾನಕ್ಕೆ ಒಂದೇ ಅಳತೆಯಿಲ್ಲ. ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್ ನಡುವೆ ಎಷ್ಟಾದರೂ ಇರಬಹುದು. ಪಿಚ್ ಬದಲಾದರೆ ಕ್ರಿಕೆಟ್ ಬದಲಾಗುತ್ತದೆಂದು ಬಲ್ಲ ನಮಗೆ ಇದರ ಅರ್ಥ ಬೇಗ ಹೊಳೆದೀತು. ಹಾಥಾರ್ನ್ ಕ್ಲಬ್ಬಿನ ಗ್ಲೆನ್‌ಫೆರಿ ಮೈದಾನ ರೈಲು ಹಳಿಯ ಪಕ್ಕದಲ್ಲಿ ಒತ್ತರಿಸಿಕೊಂಡು ಎಷ್ಟು ಕಿರಿದಾಗಿತ್ತೆಂದರೆ ಬೇರೆಡೆ ಬದಿಯಂಚಿಗೆ ಹರಡಿ ಆಡುತ್ತಿದ್ದ ತಂಡ ಅಲ್ಲಿ ನಡುವಿನಲ್ಲೇ ನುಗ್ಗಬೇಕಾಗುತ್ತಿತ್ತು. ಎಸೆಂಡನ್‌ನವರ ವಿಂಡಿ ಹಿಲ್‌ಗೆ ಗಾಳಿಯ ಹೆಸರೇ ಇದೆ. ಫುಟ್‌ಸ್ಕ್ರೇಯ ವೆಸ್ಟರ್ನ್ ಓವಲ್‌ನಲ್ಲೂ ಗಾಳಿ ಯಾವ ತುದಿಯತ್ತ ಬೀಸುತ್ತಿದೆ ಎಂಬುದನ್ನು ನೋಡಿಕೊಂಡೇ ನಾಯಕ ಟಾಸ್ ಗೆದ್ದಾಗ ದಿಕ್ಕು ಆರಿಸುತ್ತಿದ್ದ. ಸೇಂಟ್ ಕಿಲ್ಡಾದ ಮೂರಬ್ಬಿನ್ ಮೈದಾನ ಕೆಸರಿಗೆ ಪ್ರಸಿದ್ಧ. ಮಳೆ ಬಾರದ ವಾರದಲ್ಲೂ ಅಲ್ಲಿ ಕೆಸರಿರುತ್ತದೆ, ಎದುರಾಳಿ ವೇಗದ ತಂಡವಾದರೆ ಇನ್ನೂ ಹೆಚ್ಚು ಇರುತ್ತದೆ ಎಂದು ಜನ ನಕ್ಕು ಮಾತಾಡಿಕೊಳ್ಳುತ್ತಿದ್ದರು. ಇಂದು ಡಾಕ್‌ಲ್ಯಾಂಡ್ಸಿನ ಛಾವಣಿ ಮುಚ್ಚಿದರೆ ಒಳಗೆ ಗಾಳಿಯೂ ಇಲ್ಲ, ಮಳೆಯೂ ಇಲ್ಲ, ಯಾರದೂ ತವರಲ್ಲ. ಒಂದೇ ಕ್ರೀಡಾಂಗಣದಲ್ಲಿ ಇಂದು ಒಂದು ಕ್ಲಬ್ಬು ‘ಆತಿಥೇಯ’, ನಾಳೆ ಇನ್ನೊಂದು. ಬದಲಾಗುವುದು ಜಾಹೀರಾತು ಫಲಕದ ಬಣ್ಣ ಮಾತ್ರ.

ತವರು ಕಳೆದುಕೊಂಡ ಕ್ಲಬ್ಬಿನ ಗತಿ ಏನಾಗುತ್ತದೆ ಎಂಬುದಕ್ಕೆ ಫಿಟ್ಜ್‌ರಾಯ್‌ಗಿಂತ ನೋವಿನ ಉದಾಹರಣೆ ಇಲ್ಲ. 1897ರ ಎಂಟು ಕ್ಲಬ್ಬುಗಳಲ್ಲಿ ಒಂದಾದ ಅದು 1966ರವರೆಗೆ ಎಡಿನ್‌ಬರೋ ಉದ್ಯಾನದ ಮೂಲೆಯ ಬ್ರನ್ಸ್‌ವಿಕ್ ಸ್ಟ್ರೀಟ್ ಓವಲ್‌ನಲ್ಲಿ ಆಡಿತು. ಆ ಬಳಿಕ ಪ್ರಿನ್ಸಸ್ ಪಾರ್ಕ್, ಅಲ್ಲಿಂದ ಜಂಕ್ಷನ್ ಓವಲ್, ಅಲ್ಲಿಂದ ವಿಕ್ಟೋರಿಯಾ ಪಾರ್ಕ್, ಮತ್ತೆ ಪ್ರಿನ್ಸಸ್ ಪಾರ್ಕ್, ಕಡೆಗೆ ವೆಸ್ಟರ್ನ್ ಓವಲ್, ಹೀಗೆ ಮೂವತ್ತು ವರ್ಷ ಬಾಡಿಗೆ ಮನೆಗಳನ್ನು ಬದಲಿಸುತ್ತ ಅಲೆದು, 1996ರ ಕೊನೆಗೆ ಬ್ರಿಸ್ಬೇನ್ ತಂಡದಲ್ಲಿ ವಿಲೀನವಾಯಿತು. ಆ ಓವಲ್‌ನ ಹತ್ತೊಂಬತ್ತನೆಯ ಶತಮಾನದ ಮರದ ಗ್ಯಾಲರಿ ಇಂದಿಗೂ ನಿಂತಿದೆ, ಕ್ಲಬ್ಬು ಲೀಗಿನಲ್ಲಿಲ್ಲ.

ಇದಕ್ಕೆ ವಿರುದ್ಧವಾದುದು ಫುಟ್‌ಸ್ಕ್ರೇಯ ಕಥೆ. 1989ರಲ್ಲಿ ಅದನ್ನು ಇದೇ ಫಿಟ್ಜ್‌ರಾಯ್ ಜತೆ ವಿಲೀನಗೊಳಿಸಲು ಎಲ್ಲ ಸಿದ್ಧವಾಗಿತ್ತು. ಕಾರ್ಖಾನೆ ಕೆಲಸಗಾರರೂ ವಲಸಿಗರೂ ತುಂಬಿದ ಪಶ್ಚಿಮದ ಆ ಬಡಾವಣೆಯ ಜನ ವೆಸ್ಟರ್ನ್ ಓವಲ್‌ನಲ್ಲೇ ಸೇರಿ, ಮನೆಮನೆಗೆ ಡಬ್ಬಿ ಹಿಡಿದು ಹೋಗಿ, ಕೆಲವೇ ವಾರಗಳಲ್ಲಿ ಹಣ ಕೂಡಿಸಿ ಕ್ಲಬ್ಬನ್ನು ಉಳಿಸಿಕೊಂಡರು. ಎರಡು ರೈಲು ಬದಲಿಸಿ ಹೋಗಿ ನೋಡುವ ಕ್ರೀಡಾಂಗಣಕ್ಕಾಗಿ ಜನ ಹೀಗೆ ಡಬ್ಬಿ ಹಿಡಿಯುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಪಂದ್ಯಗಳು 1997ರಲ್ಲಿ ಅಲ್ಲಿಂದ ಹೊರಟುಹೋದವು; ಆದರೂ ಆ ಕ್ಲಬ್ಬು 1954ರ ಬಳಿಕ ಮೊದಲ ಬಾರಿಗೆ 2016ರಲ್ಲಿ ಪ್ರಶಸ್ತಿ ಗೆದ್ದ ಮರುದಿನ ಸಾವಿರಾರು ಮಂದಿ ಬಂದು ನಿಂತದ್ದು, ಈಗ ಮಹಾನ್ ಆಟಗಾರ ಟೆಡ್ ವಿಟನ್ ಹೆಸರು ಹೊತ್ತಿರುವ ಅದೇ ಮೈದಾನದಲ್ಲಿ. ಸಂಭ್ರಮಿಸಲು ಎಲ್ಲಿಗೆ ಹೋಗಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದು ನೆನಪಿನ ಮಾತಷ್ಟೇ ಎನ್ನುವವರಿಗೆ ಈಚಿನ ಸಾಕ್ಷ್ಯವೂ ಇದೆ. 2017ರ ಫೆಬ್ರವರಿ 3ರಂದು ಮಹಿಳೆಯರ ಲೀಗಿನ ಮೊಟ್ಟಮೊದಲ ಪಂದ್ಯ, ಕಾರ್ಲ್‌ಟನ್ ಮತ್ತು ಕಾಲಿಂಗ್‌ವುಡ್ ನಡುವೆ, ಪ್ರಿನ್ಸಸ್ ಪಾರ್ಕಿನಲ್ಲಿ ನಡೆಯಿತು. 24,568 ಮಂದಿ ಒಳಗೆ ತುಂಬಿದ ಮೇಲೆ ಬಾಗಿಲು ಮುಚ್ಚಬೇಕಾಯಿತು. ಲೀಗಿನ ಮುಖ್ಯಸ್ಥರೇ ಹೊರಗೆ ಬಂದು, ಒಳಗೆ ಜಾಗ ಸಿಗದವರ ಕ್ಷಮೆ ಕೇಳಿದರು. ಎಲ್ಲ ತಂಡಗಳೂ ಒಂದೆಡೆ ಸೇರಿ ಆಡುವ, 2023ರಿಂದ ಅಡಿಲೇಡಿನಲ್ಲಿ ನಡೆಯುತ್ತಿರುವ ‘ಗ್ಯಾದರ್ ರೌಂಡ್’ನಲ್ಲಿ ನಾರ್ವುಡ್‌ನಂತಹ ಪುಟ್ಟ ಬಡಾವಣೆ ಮೈದಾನಕ್ಕೂ ಪುರುಷರ ಪಂದ್ಯ ಕೊಡಲಾಯಿತು, ಅಲ್ಲಿನ ಬೇಲಿಯ ಪಕ್ಕದ ಜಾಗಕ್ಕೆ ಜನ ಮುಗಿಬಿದ್ದರು. ಅಡಿಲೇಡಿನಲ್ಲಿ ಸಾಧ್ಯವಾದದ್ದು ಆಟ ಹುಟ್ಟಿದ ಮೆಲ್ಬರ್ನ್‌ನಲ್ಲಿ ಏಕೆ ಸಾಧ್ಯವಿಲ್ಲ? ಯೋಧರ ಸ್ಮರಣೆಯ ದಿನವಾದ ಏಪ್ರಿಲ್ 25ರಂದು ಕಾಲಿಂಗ್‌ವುಡ್ ಮತ್ತು ಎಸೆಂಡನ್ ಸೆಣಸುವ ಭಾರಿ ಪಂದ್ಯವನ್ನು ಯಾರೂ ಕೇಳುತ್ತಿಲ್ಲ. ಐವತ್ತು ಸಾವಿರ ಆಸನಗಳ ಡಾಕ್‌ಲ್ಯಾಂಡ್ಸಿನಲ್ಲಿ ಇಪ್ಪತ್ತು ಸಾವಿರ ಜನ ಕುಳಿತು, ಖಾಲಿ ಕುರ್ಚಿಗಳ ನಡುವೆ ತಮ್ಮ ಕೂಗು ತಮಗೇ ಕೇಳಿಸಿಕೊಳ್ಳುವ ಚಳಿಗಾಲದ ಮಧ್ಯಾಹ್ನಗಳಿವೆಯಲ್ಲ, ಅಂಥವುಗಳಲ್ಲಿ ಕೆಲವನ್ನು ಕೊಟ್ಟರೆ ಸಾಕು. ಪ್ರಿನ್ಸಸ್ ಪಾರ್ಕಿನಲ್ಲಿ ಅಷ್ಟೇ ಇಪ್ಪತ್ತು ಸಾವಿರ ಜನ ಸೇರಿದರೆ ಅದು ಕಿಕ್ಕಿರಿದ ಜಾತ್ರೆ.

ವಿರೋಧ

ಜಾತ್ರೆ ಎಂಬ ಮಾತಿನಿಂದಲೇ ಆರಂಭಿಸೋಣ. ಹಳೆಯ ಮೈದಾನಗಳ ಗ್ಯಾಲರಿ ಕ್ಲಬ್ಬಿನ ಸದಸ್ಯರಿಗೆ ಮೀಸಲು. ಉಳಿದವರಿಗೆ ಇದ್ದದ್ದು ‘ಔಟರ್’, ಅಂದರೆ ಬಯಲ ಇಳಿಜಾರು. ಅಲ್ಲಿ ಜನ ಮಳೆಯಲ್ಲಿ ನಿಂತೇ ನೋಡುತ್ತಿದ್ದರು, ಮುಂದಿನವರ ತಲೆ ಅಡ್ಡ ಬಂದರೆ ಖಾಲಿ ಬಿಯರ್ ಡಬ್ಬಿಗಳನ್ನು ಜೋಡಿಸಿ ಅದರ ಮೇಲೆ ಹತ್ತುತ್ತಿದ್ದರು. 1948ರಲ್ಲಿ ಕಾಲಿಂಗ್‌ವುಡ್‌ನ ವಿಕ್ಟೋರಿಯಾ ಪಾರ್ಕಿನಲ್ಲಿ ಸುಮಾರು 47,000, 1965ರಲ್ಲಿ ಮೂರಬ್ಬಿನ್‌ನ ಮೊದಲ ಪಂದ್ಯದಲ್ಲಿ 51,370 ಜನ ಸೇರಿದ್ದರು ಎಂಬ ಅಂಕಿಗಳನ್ನು ಹೆಮ್ಮೆಯಿಂದ ಹೇಳುವವರು, ಅಷ್ಟು ಮಂದಿಗೆ ಶೌಚಾಲಯ ಎಷ್ಟಿತ್ತು ಎಂದು ಮಾತ್ರ ಹೇಳುವುದಿಲ್ಲ. ಈ ಆಟಕ್ಕೆ ಆರಂಭದಿಂದಲೂ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದರು ಎಂಬುದು ನಿಜ, ಅದು ಫುಟಿಯ ಹೆಚ್ಚುಗಾರಿಕೆಯೂ ಹೌದು. ಆದರೆ ಅವರು ಬಂದದ್ದು ಮೈದಾನದ ವ್ಯವಸ್ಥೆಯನ್ನು ಸಹಿಸಿಕೊಂಡು, ಆ ವ್ಯವಸ್ಥೆ ಇದ್ದುದರಿಂದಲ್ಲ. ಮಹಿಳೆಯರ ಲೀಗು ಬಂದ ಮೇಲೆ ಈ ಮೈದಾನಗಳಲ್ಲಿ ಆಟಗಾರ್ತಿಯರು ಬಟ್ಟೆ ಬದಲಿಸುವ ಕೋಣೆಗಳನ್ನೇ ಹೊಸದಾಗಿ ಕಟ್ಟಬೇಕಾಯಿತು. ನೂರು ವರ್ಷ ಅಲ್ಲಿ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಡ ಕಟ್ಟಿದ್ದರು ಎಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನು 1993ರ ಏಪ್ರಿಲ್ 17. ವಿಕ್ಟೋರಿಯಾ ಪಾರ್ಕಿನಲ್ಲಿ ಸೇಂಟ್ ಕಿಲ್ಡಾದ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್ ಅವರ ಮೇಲೆ ಕಾಲಿಂಗ್‌ವುಡ್ ಬೆಂಬಲಿಗರ ಗುಂಪು ಜನಾಂಗೀಯ ಬೈಗುಳದ ಮಳೆಗರೆಯಿತು. ಪಂದ್ಯ ಗೆದ್ದ ಮೇಲೆ ವಿನ್ಮಾರ್ ಆ ಗುಂಪಿನತ್ತ ತಿರುಗಿ, ಅಂಗಿ ಮೇಲೆತ್ತಿ, ತಮ್ಮ ಚರ್ಮದ ಕಡೆ ಬೆರಳು ತೋರಿಸಿದರು. ಆ ಚಿತ್ರ ಇಂದು ಪರ್ತ್ ಕ್ರೀಡಾಂಗಣದ ಹೊರಗೆ ಕಂಚಿನ ಪ್ರತಿಮೆಯಾಗಿ ನಿಂತಿದೆ. ಬೇಲಿಗೂ ಆಟಗಾರನಿಗೂ ನಡುವೆ ಕೈಯಳತೆಯ ಅಂತರವಷ್ಟೇ ಇತ್ತು ಎಂದು ಹಂಬಲಿಗರು ಹೊಗಳುವ ಆ ಸಾಮೀಪ್ಯದ ಇನ್ನೊಂದು ಮುಖ ಇದು. ನ್ಯಾಯಕ್ಕಾಗಿ ಒಂದು ಮಾತು ಸೇರಿಸಬೇಕು: ಎರಡು ವರ್ಷದ ಬಳಿಕ ಎಸೆಂಡನ್‌ನ ಮೂಲನಿವಾಸಿ ಆಟಗಾರ ಮೈಕೆಲ್ ಲಾಂಗ್ ದೂರು ಕೊಟ್ಟು, ಅದರಿಂದ ಲೀಗು ಜನಾಂಗೀಯ ನಿಂದನೆಯ ವಿರುದ್ಧ ನಿಯಮ ತರುವಂತಾದ ಘಟನೆ ನಡೆದದ್ದು ಬಡಾವಣೆಯಲ್ಲಲ್ಲ, ಎಂಸಿಜಿಯಲ್ಲಿ. ದೊಡ್ಡ ಕ್ರೀಡಾಂಗಣ ಮನುಷ್ಯರನ್ನು ತಾನಾಗಿಯೇ ತಿದ್ದುವುದಿಲ್ಲ. ಆದರೆ ‘ನಮ್ಮ ಬಡಾವಣೆ, ನಮ್ಮವರು’ ಎಂಬ ಬೆಚ್ಚನೆಯ ಭಾವದ ಹೊರಗೆ ಉಳಿದವರು ಯಾರು ಎಂಬ ಪ್ರಶ್ನೆಯನ್ನು ಹಂಬಲ ಎಂದೂ ಕೇಳಿಕೊಂಡಿಲ್ಲ.

ಮೈದಾನ ಬಿಟ್ಟರೆ ಕ್ಲಬ್ಬು ಸಾಯುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. ರಿಚ್‌ಮಂಡ್ 1965ರಲ್ಲಿ ತನ್ನ ಪಂಟ್ ರೋಡ್ ಓವಲ್‌ನಿಂದ ಪಕ್ಕದ ಎಂಸಿಜಿಗೆ ತಾನಾಗಿಯೇ ಹೋಯಿತು. ದೊಡ್ಡ ಮೈದಾನ, ದೊಡ್ಡ ಗೇಟ್ ಹಣ. 1967, 1969, 1973, 1974 ಮತ್ತು 1980ರಲ್ಲಿ ಅದು ಪ್ರಶಸ್ತಿ ಗೆದ್ದಿತು, ಅಭ್ಯಾಸವನ್ನು ಮಾತ್ರ ಇಂದಿಗೂ ಪಂಟ್ ರೋಡಿನಲ್ಲೇ ಮಾಡುತ್ತದೆ. ಸೇಂಟ್ ಕಿಲ್ಡಾ ತನ್ನ ಹಳೆಯ ಜಂಕ್ಷನ್ ಓವಲ್ ಬಿಟ್ಟು ದೂರದ ಮೂರಬ್ಬಿನ್‌ಗೆ ಹೋದ ಮರುವರ್ಷವೇ, 1966ರಲ್ಲಿ, ಒಂದೇ ಅಂಕದ ಅಂತರದಿಂದ ತನ್ನ ಏಕೈಕ ಪ್ರಶಸ್ತಿ ಗೆದ್ದಿತು. ಹೀಗಾಗಿ, ಇಂದು ಯಾವ ಮೂರಬ್ಬಿನ್‌ಗಾಗಿ ಹಲುಬುತ್ತೇವೆಯೋ ಅದೂ ಒಂದು ಕಾಲಕ್ಕೆ ಹಳೆಯ ಮೈದಾನ ತೊರೆದು ಹೋದ ಹೊಸ ಜಾಗವೇ. ಫಿಟ್ಜ್‌ರಾಯ್ ವಿಷಯಕ್ಕೆ ಬಂದರೆ, ಅಲೆದಾಟ ಅದನ್ನು ದುರ್ಬಲಗೊಳಿಸಿದ್ದು ನಿಜವಿರಬಹುದು. ಆದರೆ 1996ರಲ್ಲಿ ಅದರ ಕುತ್ತಿಗೆ ಹಿಡಿದದ್ದು ನೌರು ದೇಶದ ವಿಮಾ ನಿಗಮಕ್ಕೆ ತೀರಿಸಬೇಕಿದ್ದ ಸಾಲ. ಬ್ರನ್ಸ್‌ವಿಕ್ ಸ್ಟ್ರೀಟಿನ ಆ ಚಿಕ್ಕ ಗ್ಯಾಲರಿಯ ಟಿಕೆಟ್ ಮಾರಿ ಅದನ್ನು ತೀರಿಸಲಾಗುತ್ತಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಬಡಾವಣೆಗಳೇ ಬದಲಾಗಿವೆ. ಕಾಲಿಂಗ್‌ವುಡ್, ಫಿಟ್ಜ್‌ರಾಯ್, ರಿಚ್‌ಮಂಡ್‌ಗಳ ಸಾಲುಮನೆಗಳಲ್ಲಿ ಬೂಟು ಕಾರ್ಖಾನೆಯ ಕೆಲಸಗಾರರು ಇದ್ದ ಕಾಲದಲ್ಲಿ ಮೈದಾನ ನಡೆದು ಹೋಗುವ ದೂರದಲ್ಲಿತ್ತು. ಆ ಕುಟುಂಬಗಳ ಮಕ್ಕಳು ಎರಡನೆಯ ಮಹಾಯುದ್ಧದ ನಂತರ ಹೊರವಲಯದ ಕೈತೋಟವಿರುವ ಮನೆಗಳಿಗೆ ಹೋದರು. ಇಂದು ಅದೇ ಸಾಲುಮನೆಗಳನ್ನು ಕೊಳ್ಳುವುದು ವಕೀಲರಿಗೂ ವೈದ್ಯರಿಗೂ ಮಾತ್ರ ಸಾಧ್ಯ. ಈ ವಲಸೆಯನ್ನು ಕಂಡೇ ಲೀಗು 1962ರಲ್ಲಿ ದೂರದ ಮಲ್‌ಗ್ರೇವ್‌ನಲ್ಲಿ ಜಮೀನು ಕೊಂಡು, 1970ರಲ್ಲಿ ವೇವರ್ಲಿ ಕ್ರೀಡಾಂಗಣ ತೆರೆಯಿತು. ಅದು ಸೋತಿತು, ಒಪ್ಪೋಣ: ಬರಬೇಕಿದ್ದ ರೈಲು ಮಾರ್ಗ ಬರಲೇ ಇಲ್ಲ, ಪಂದ್ಯ ಮುಗಿದ ಮೇಲೆ ಕಾರುಗಳು ನಿಲುಗಡೆ ಜಾಗದಿಂದ ಹೊರಬೀಳಲು ಹೆಣಗುತ್ತಿದ್ದವು, ಚಳಿಗೆ ಜನ ಅದನ್ನು ‘ಆರ್ಕ್ಟಿಕ್ ಪಾರ್ಕ್’ ಎಂದೇ ಕರೆದರು. 1999ರ ಆಗಸ್ಟ್ 28ರಂದು ವಿಕ್ಟೋರಿಯಾ ಪಾರ್ಕೂ ಮರುದಿನ ವೇವರ್ಲಿಯೂ ತಮ್ಮ ಕೊನೆಯ ಲೀಗ್ ಪಂದ್ಯ ಕಂಡವು; ಅಂದರೆ ಹಳೆಯ ಮೈದಾನವೂ ಅದಕ್ಕೆ ಉತ್ತರವೆಂದು ಕಟ್ಟಿದ್ದೂ ಒಂದೇ ವಾರಾಂತ್ಯದಲ್ಲಿ ಮುಚ್ಚಿದವು. ಮರುವರ್ಷ ತೆರೆದ ಡಾಕ್‌ಲ್ಯಾಂಡ್ಸನ್ನು ನಾನು ಪ್ರೀತಿಸಲಾರೆ. ಅಲ್ಲಿ ಆಡಿದ ಚಿಕ್ಕ ಕ್ಲಬ್ಬುಗಳು ಪಂದ್ಯ ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲವೆಂದು ವರ್ಷಗಟ್ಟಲೆ ದೂರಿದ್ದೂ ಸುಳ್ಳಲ್ಲ. ಆದರೆ ಅದು ರೈಲು ನಿಲ್ದಾಣದ ಬುಡದಲ್ಲಿದೆ. ಟಾರ್ನೀಟ್, ವಿಂಡಮ್ ವೇಲ್ ಕಡೆಯ ಹೊಸ ಬಡಾವಣೆಗಳಲ್ಲಿ ನೆಲೆಸಿರುವ ಭಾರತೀಯರಲ್ಲಿ ಕನ್ನಡಿಗರೂ ಇದ್ದಾರೆ. ಮಗುವಿನ ಶಾಲೆಯಲ್ಲಿ ಎಲ್ಲರೂ ಬುಲ್‌ಡಾಗ್ಸ್ (ಫುಟ್‌ಸ್ಕ್ರೇ ಕ್ಲಬ್ಬಿನ ಇಂದಿನ ಹೆಸರು) ಎನ್ನುತ್ತಾರೆಂದು ತಾನೂ ಅದೇ ಪಟ್ಟಿಯ ಮಫ್ಲರ್ ಕೊಂಡ ತಂದೆ, ಸದರ್ನ್ ಕ್ರಾಸ್‌ನಲ್ಲಿ ಇಳಿದು ಕಾಲ್ಸೇತುವೆ ದಾಟಿದರೆ ಸೀದಾ ಬಾಗಿಲಿಗೆ ಬರುತ್ತಾನೆ. ಆ ಕುಟುಂಬಕ್ಕೆ ವಿಂಡಿ ಹಿಲ್‌ನ ಗಾಳಿಯ ನೆನಪಿಲ್ಲ, ಇರಬೇಕಾಗಿಯೂ ಇಲ್ಲ.

‘ನಾಲ್ಕಾರು ಪಂದ್ಯ ಮಾತ್ರ’ ಎಂಬ ವಿನಯದ ಬೇಡಿಕೆಯಲ್ಲೂ ತೊಡಕಿದೆ. ಕಾಲಿಂಗ್‌ವುಡ್‌ನ ಸದಸ್ಯರ ಸಂಖ್ಯೆ ಒಂದು ಲಕ್ಷ ದಾಟಿದೆ; 2023ರ ಏಪ್ರಿಲ್ 25ರಂದು ಅದು ಎಸೆಂಡನ್ ವಿರುದ್ಧ ಆಡಿದಾಗ ಎಂಸಿಜಿಗೆ 95,179 ಮಂದಿ ಬಂದಿದ್ದರು. ಚಿಕ್ಕ ಕ್ಲಬ್ಬುಗಳ ಸದಸ್ಯರೂ ಹತ್ತಾರು ಸಾವಿರ. ಇಪ್ಪತ್ತು ಸಾವಿರ ಜಾಗದ ಮೈದಾನಕ್ಕೆ ಪಂದ್ಯ ಒಯ್ದರೆ ವರ್ಷವಿಡೀ ಚಂದಾ ಕಟ್ಟಿದವರಲ್ಲಿ ಯಾರನ್ನು ಹೊರಗೆ ನಿಲ್ಲಿಸುವುದು? ಅಂಥ ಅಪರೂಪದ ಟಿಕೆಟ್ ಬೆಲೆ ಏರಿಸಿಕೊಂಡ ಸ್ಮರಣಿಕೆಯಾಗುತ್ತದೆಯೇ ಹೊರತು, ಎರಡು ಗಂಟೆಗೆ ಮನೆಯಿಂದ ಹೊರಟು ಎರಡೂ ಕಾಲಿಗೆ ಔಟರಿನಲ್ಲಿ ನಿಲ್ಲುತ್ತಿದ್ದ ಕೆಲಸಗಾರನ ಕೈಗೆ ಅದು ಸಿಗುವುದಿಲ್ಲ. ಪ್ರಿನ್ಸಸ್ ಪಾರ್ಕಿನ 24,568 ಮಂದಿಯನ್ನು ಸಾಕ್ಷಿಯಾಗಿ ಕರೆಯುವವರು ಆ ರಾತ್ರಿ ಅವರು ನೋಡಲು ಬಂದದ್ದು ಏನನ್ನು ಎಂಬುದನ್ನು ಮರೆತಿದ್ದಾರೆ. ಹಿಂದೆಂದೂ ಇಲ್ಲದಿದ್ದ ಒಂದು ಲೀಗಿನ ಮೊದಲ ದಿನ ಅದು. ಟಿಕೆಟ್ ಇರಲಿಲ್ಲ, ಯಾರು ಬೇಕಾದರೂ ಬರಬಹುದಿತ್ತು.

ಹಳೆಯ ಮೈದಾನಗಳಿಗೆ ಒಪ್ಪುವ ಅಳತೆಯ ಆಟ ಆಗಲೇ ಬಂದು ಸೇರಿದೆ. ವಿಟನ್ ಓವಲ್‌ನಲ್ಲಿ, ಪ್ರಿನ್ಸಸ್ ಪಾರ್ಕಿನಲ್ಲಿ, ನಾರ್ತ್ ಮೆಲ್ಬರ್ನ್‌ನ ಆರ್ಡನ್ ಸ್ಟ್ರೀಟಿನಲ್ಲಿ ಮಹಿಳೆಯರು ಆಡುತ್ತಿದ್ದಾರೆ. ವಿಕ್ಟೋರಿಯಾ ಪಾರ್ಕಿನ ಸುತ್ತಲ ಹಳೆಯ ಬೇಲಿಗಳಲ್ಲಿ ಹೆಚ್ಚಿನದನ್ನು ಕೆಡವಿ ಅದನ್ನು ಸಾರ್ವಜನಿಕ ಉದ್ಯಾನ ಮಾಡಲಾಗಿದೆ. ಬೆಳಿಗ್ಗೆ ನಾಯಿ ಅಡ್ಡಾಡಿಸುವವರು, ಸಂಜೆ ಚೆಂಡು ಒದೆಯುವ ಮಕ್ಕಳು, ಕೆಲವು ವಾರಾಂತ್ಯಗಳಲ್ಲಿ ಕಪ್ಪುಬಿಳುಪು ಪಟ್ಟೆಯ ಅಂಗಿ ತೊಟ್ಟ ಕಾಲಿಂಗ್‌ವುಡ್‌ನ ಆಟಗಾರ್ತಿಯರು. ಅಲ್ಲಿಗೆ ಹೋಗಿ ಬೇಲಿಗೆ ಒರಗಿ ನಿಂತು ಪಂದ್ಯ ನೋಡುವುದನ್ನು ಯಾರೂ ತಡೆದಿಲ್ಲ. ಪುರುಷರ ಪಂದ್ಯ ಬರಲಿ ಎಂದು ಅರ್ಜಿ ಬರೆಯುವವರಲ್ಲಿ ಎಷ್ಟು ಮಂದಿ ಈ ಪಂದ್ಯಗಳಿಗೆ ಹೋಗಿದ್ದಾರೆ ಎಂದು ಮಾತ್ರ ನನಗೆ ಕೇಳಬೇಕೆನಿಸುತ್ತದೆ.