ನೆಂಟರು ತೋರಿಸಿದ ಊರು

ಸೋಮನಾಥಪುರವನ್ನು ನಾನು ಹದಿನಾಲ್ಕು ಸಲ ನೋಡಿದ್ದೇನೆ. ಅದರಲ್ಲಿ ಹದಿಮೂರು ಸಲ ನೆಂಟರ ಲೆಕ್ಕಕ್ಕೆ ಹೋಗಬೇಕು. ಉಳಿದ ಒಂದರ ವಿಷಯ ಆಮೇಲೆ ಹೇಳುತ್ತೇನೆ.

ಮದುವೆಯಾಗಿ ಮೈಸೂರಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾವಾಗಿ ಹೊರಟು ನೋಡಿದ್ದು ದೇವರಾಜ ಮಾರುಕಟ್ಟೆ, ವರ್ಷಕ್ಕೊಮ್ಮೆ ಆಷಾಢ ಶುಕ್ರವಾರದ ಚಾಮುಂಡಿ ಬೆಟ್ಟ, ಅಷ್ಟೇ. ಅರಮನೆಯ ಒಳಗೆ ಕಾಲಿಟ್ಟದ್ದೂ ಧಾರವಾಡದ ಬೀಗರು ಬಂದಾಗಲೇ. ದೀಪದ ಅರಮನೆ ಕಣ್ಣೆದುರಿಗೇ ಇರುತ್ತದಲ್ಲ, ಎಲ್ಲಿಗೆ ಹೋಗುತ್ತದೆ, ಯಾವಾಗ ಬೇಕಾದರೂ ನೋಡಿದರಾಯಿತು ಅನ್ನುವುದು ನಮ್ಮ ವಾದ. ‘ಯಾವಾಗ ಬೇಕಾದರೂ’ ಅನ್ನುವುದು ಯಾವತ್ತೂ ಬರದ ದಿನ. ನೆಂಟರು ಬಂದಾಗ ಮಾತ್ರ ಅದು ಬರುತ್ತದೆ.

ಅವರ ಫೋನೂ ಒಂದೇ ಥರ. “ಬೆಳಗ್ಗೆ ಬಂದು ರಾತ್ರಿ ಹೊರಟುಬಿಡ್ತೀವಿ. ನೀವೇನೂ ತೊಂದರೆ ತಗೋಬೇಡಿ. ಒಂದು ದಿನದಲ್ಲಿ ಎಷ್ಟಾಗತ್ತೋ ಅಷ್ಟು ತೋರಿಸಿಬಿಡಿ.”

ನಮ್ಮ ಯಜಮಾನರ ಲೆಕ್ಕದಲ್ಲಿ ಮೈಸೂರಿನ ಆಚೆಗೆ ಇರುವುದು ಎರಡೇ ಸುತ್ತು. ಒಂದು ಪಟ್ಟಣದ ಸುತ್ತು. ಶ್ರೀರಂಗಪಟ್ಟಣವನ್ನು ಈ ಕಡೆ ಬರೀ ಪಟ್ಟಣ ಅನ್ನುವುದು ರೂಢಿ. ರಂಗನಾಥ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ, ರಂಗನತಿಟ್ಟು ಮುಗಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ಕೆ.ಆರ್.ಎಸ್. ಇನ್ನೊಂದು ತಲಕಾಡಿನ ಸುತ್ತು. ಅದರಲ್ಲಿ ಸೋಮನಾಥಪುರ, ತಲಕಾಡು, ಶಿವನಸಮುದ್ರ. ಮೇಲುಕೋಟೆ ಎರಡಕ್ಕೂ ಸೇರದು. ಅದು ಪುಳಿಯೋಗರೆ ಮೇಲೆ ಆಸೆಯಿದ್ದು ಮಂಡಿನೋವು ಇಲ್ಲದ ನೆಂಟರಿಗೆ ಮೀಸಲು. ಎರಡೂ ಒಟ್ಟಿಗೆ ಇರುವವರು ಈಗ ಕಮ್ಮಿ.

ಆರಕ್ಕೆ ಹೊರಡಬೇಕು ಅಂದರೆ ಎಂಟೂವರೆಗೆ ಅಂತ ಅರ್ಥ. ಎಂಟು ಜನಕ್ಕೆ ಒಂದೇ ಬಚ್ಚಲು. ಕೊನೆಯವರು ತಲೆಗೆ ನೀರು ಹಾಕಿಕೊಳ್ಳುವಷ್ಟರಲ್ಲಿ ಮೊದಲು ಎದ್ದವರಿಗೆ ಎರಡನೇ ಕಾಫಿ ಬೇಕಾಗಿರುತ್ತದೆ. ನಾನು ನಾಲ್ಕಕ್ಕೇ ಎದ್ದು ಬುತ್ತಿ ಕಟ್ಟಿರುತ್ತೇನೆ. ಪುಳಿಯೋಗರೆ ಎಷ್ಟು ಹೊತ್ತಾದರೂ ಕೆಡುವುದಿಲ್ಲ, ಹೊತ್ತಾದಷ್ಟೂ ರುಚಿ. ಮೊಸರನ್ನಕ್ಕೆ ಮಾತ್ರ ಹಾಲೇ ಜಾಸ್ತಿ, ಮೊಸರು ಒಂದು ಚಮಚ. ಅದು ತಲಕಾಡಿನ ಬಿಸಿಲಿಗೆ ತಾನಾಗಿಯೇ ಮೊಸರನ್ನವಾಗಿರುತ್ತದೆ. ಈ ಉಪಾಯ ನಮ್ಮತ್ತೆ ಹೇಳಿಕೊಟ್ಟದ್ದು. ಅವರ ಕಾಲದಲ್ಲೂ ನೆಂಟರಿದ್ದರು.

ಇಷ್ಟು ಸಲ ಹೋದ ಮೇಲೆ ನನಗೆ ಈ ಜಾಗಗಳ ಬಗ್ಗೆ ಗೊತ್ತಿರುವುದೇ ಬೇರೆ. ಯಾವ ಮರದ ನೆರಳು ಹನ್ನೆರಡು ಗಂಟೆಗೂ ಇರುತ್ತದೆ, ಯಾವ ಕಡೆ ಗಾಡಿ ನಿಲ್ಲಿಸಿದರೆ ಮುದುಕರು ಕಮ್ಮಿ ನಡೆಯಬೇಕು, ಎಲ್ಲಿಯ ಎಳನೀರಿನಲ್ಲಿ ಗಂಜಿ ಇರುತ್ತದೆ. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಟ್ಟಾಗ ಏನಾಗುತ್ತದೆ ಅಂತ ಗೊತ್ತಿರುವುದರಿಂದ ಬ್ಯಾಗಿನಲ್ಲಿ ಹಳೇ ಸಾಕ್ಸು ನಾಲ್ಕು ಜೊತೆ ಇರುತ್ತವೆ. ಇಸವಿಗಳೂ ಬಾಯಿಪಾಠ. ಆದರೆ ನೆಂಟರ ಪ್ರಶ್ನೆ ಯಾವಾಗಲೂ ನನಗೆ ಗೊತ್ತಿರುವುದಕ್ಕಿಂತ ಒಂದು ಹೆಜ್ಜೆ ಮುಂದೆ.

ಒಂದು ಸಲ ಬೀಗರ ಮನೆಯ ಹುಡುಗಿ, ಎಂಟನೇ ಕ್ಲಾಸು, ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮುಂದೆ ನಿಂತುಬಿಟ್ಟಳು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ಅದು. ಗೋಡೆ ತುಂಬಾ 1780ರ ಪೊಳ್ಳಿಲೂರು ಯುದ್ಧದ ಚಿತ್ರ: ಕುದುರೆ, ಫಿರಂಗಿ, ನಡುವೆ ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷರ ಕರ್ನಲ್. “ಇವ ಯಾರ್ರೀ ಅತ್ತಿ?” ಅಂದಳು. ಬೈಲಿ ಅಂತ ಫಲಕ ನೋಡಿ ಹೇಳಿದೆ. “ಅಂದ್ರ ಮುಂಜಾನೆ ನೋಡಿದ್ವೆಲ್ಲ, ಕರ್ನಲ್ ಬೈಲಿ ಸೆರೆಮನಿ, ಅಂವನ ಏನ್ರೀ ಇಂವ?” ಅವನೇ. ಸೋತು ಸೆರೆಸಿಕ್ಕವನು ಗೋಡೆಯ ಮೇಲೆ ಇಲ್ಲಿ, ಅವನ ಹೆಸರಿನ ಸೆರೆಮನೆ ಕೋಟೆಯೊಳಗೆ ಅಲ್ಲಿ. ಅಷ್ಟು ವರ್ಷ ಎರಡನ್ನೂ ತೋರಿಸಿದ ನನಗೆ ಅವೆರಡೂ ಒಂದೇ ಕತೆಯ ಎರಡು ತುದಿ ಅಂತ ಹೊಳೆದಿರಲಿಲ್ಲ. ಧಾರವಾಡದಿಂದ ಬಂದ ಹುಡುಗಿ ನನಗೆ ಪಟ್ಟಣ ತೋರಿಸಿದಳು.

ರಂಗನತಿಟ್ಟಿನಲ್ಲಿ ಇಂಥ ಪೇಚಾಟ ಇಲ್ಲ. ಅಲ್ಲಿ ಮಾತೆಲ್ಲ ದೋಣಿಯವನದು. 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಆದ ದ್ವೀಪಗಳಿವು, ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಮಹಾರಾಜರು ಪಕ್ಷಿಧಾಮ ಮಾಡಿದರು ಅಂತ ಅವನು ಹುಟ್ಟು ಹಾಕುತ್ತಲೇ ಹೇಳುತ್ತಾನೆ. ನಾನು ಸುಮ್ಮನೆ ಕೂತು ಬಾಯಿಕಳಕ ಕೊಕ್ಕರೆಯ ಕೊಕ್ಕಿನ ಸಂದು ನೋಡುತ್ತೇನೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ಪ್ರತಿ ಸಲವೂ ಯಾರಾದರೊಬ್ಬರು ಗೊಂಬೆ ಅನ್ನುತ್ತಾರೆ, ಪ್ರತಿ ಸಲವೂ ಅದು ಒಂದು ಸಲ ಕಣ್ಣು ಮಿಟುಕಿಸುತ್ತದೆ.

ಕೆ.ಆರ್.ಎಸ್.ನಲ್ಲಿ ಮಾತ್ರ ನೆಂಟರಿಗೂ ನಮಗೂ ದಾರಿ ಬೇರೆ. ಅವರು ಕಾರಂಜಿ ಕಡೆ ಓಡುತ್ತಾರೆ. ನಮ್ಮ ಯಜಮಾನರು ಕಟ್ಟೆಯ ಕಡೆ ಮುಖ ಮಾಡಿ ನೀರಿನ ಮಟ್ಟ ಅಂದಾಜು ಮಾಡುತ್ತಾರೆ. ಮಂಡ್ಯ, ಮೈಸೂರಿನವರು ಬೆಳಗ್ಗೆ ಪೇಪರಿನಲ್ಲಿ ಮೊದಲು ನೋಡುವುದು ಆ ಅಂಕಿಯನ್ನೇ, ತುಂಬಿದರೆ 124.80 ಅಡಿ. ನಮ್ಮ ಮಾವನವರದು ಮಂಡ್ಯದ ಕಡೆ ಎರಡು ಎಕರೆ ಗದ್ದೆ ಇತ್ತಂತೆ. ಗದ್ದೆ ಮಾರಿ ಮೂವತ್ತು ವರ್ಷವಾದರೂ ಅಡಿಗಳ ಚಿಂತೆ ಮನೆಯಲ್ಲಿ ಉಳಿದುಕೊಂಡಿದೆ. “ನೂರಹದಿನೆಂಟು ಇರಬೇಕು” ಅನ್ನುತ್ತಾರೆ. ನೆಂಟರು “ಏನು, ಟಿಕೆಟ್ಟಾ?” ಅನ್ನುತ್ತಾರೆ.

ಶಿವನಸಮುದ್ರದ ವಿಷಯ ಚುಟುಕಾಗಿ ಮುಗಿಸುತ್ತೇನೆ, ಅಲ್ಲಿ ನನಗೆ ಆದದ್ದೆಲ್ಲ ಮುಖಭಂಗ. ಏಪ್ರಿಲ್‌ನಲ್ಲಿ ಕರೆದುಕೊಂಡು ಹೋದರೆ ಗಗನಚುಕ್ಕಿಯಲ್ಲಿ ಬರೀ ಬಂಡೆ. “ಮಳೆಗಾಲದಲ್ಲಿ ನೋಡಬೇಕು” ಅಂತ ಹಲ್ಲುಕಿರಿಯಬೇಕು. ಮಳೆಗಾಲದಲ್ಲಿ ಹೋದರೆ ಮಂಜಿನಂಥ ತುಂತುರಿನಲ್ಲಿ ಏನೂ ಕಾಣುವುದಿಲ್ಲ. ಆಗ ನಾನು ಜಲಪಾತ ಬಿಟ್ಟು ಕರೆಂಟಿನ ಕತೆ ಹಿಡಿಯುತ್ತೇನೆ: 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, ನಮ್ಮ ಮೈಸೂರಿಗಿಂತ ಮೊದಲು. ಗಣಿಗೆ ಮೊದಲು, ಗೃಹಿಣಿಗೆ ಆಮೇಲೆ.

ತಲಕಾಡಿನಲ್ಲಿ ಕತೆಗೆ ಬರವಿಲ್ಲ. 1610ರಲ್ಲಿ ರಾಜ ಒಡೆಯರು ಪಟ್ಟಣ ಗೆದ್ದದ್ದು, ಅಲಮೇಲಮ್ಮ ಒಡವೆ ಕೊಡದೆ ಹೊಳೆಗೆ ಹಾರಿದ್ದು, “ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗೆ ಮಕ್ಕಳಾಗದೆ ಹೋಗಲಿ” ಅಂದದ್ದು. ಹೊಳೆಯ ಮರಳನ್ನು ಗಾಳಿ ಹೊತ್ತು ತಂದು ಸುರಿಯಿತು ಅಂತ ತಿಳಿದವರು ಹೇಳುತ್ತಾರೆ. ಮರಳಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತಾ ಪಾತಾಳೇಶ್ವರನಿಂದ ಮರಳೇಶ್ವರನಿಗೆ ನಡೆಯುವಾಗ ಮಾತ್ರ ಶಾಪವೇ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತದೆ.

ಈಗ ಆ ಹದಿನಾಲ್ಕನೆಯ ಸಲದ ವಿಷಯ. ಹೋದ ಮಾಘದಲ್ಲಿ ಬೆಂಗಳೂರಿನ ನಾದಿನಿಯ ಕಡೆಯವರು ಆರು ಜನ ಮೊದಲ ರೈಲಿಗೆ ಬರುವುದಿತ್ತು. ಟಿ.ಟಿ., ಅಂದರೆ ಟೆಂಪೋ ಟ್ರಾವೆಲರ್ ಗಾಡಿ, ಗೊತ್ತು ಮಾಡಿ ಮುಂಗಡ ಕೊಟ್ಟಾಗಿತ್ತು. ಐದು ಮುಕ್ಕಾಲಿಗೆ ಫೋನು: ಮಗುವಿಗೆ ಜ್ವರ, ಬರಲ್ಲ. ಅಷ್ಟರಲ್ಲಿ ಎಂಟು ಜನದ ಪುಳಿಯೋಗರೆ ಕಲಸಿ ಡಬ್ಬಿ ಮುಚ್ಚಿದ್ದೆ. ಟಿ.ಟಿ.ಯವನು ಬೇರೆ ಬಾಡಿಗೆ ಹಿಡಿದು ಹೋದ, ಮುಂಗಡವೂ ಅವನ ಜೊತೆಗೇ ಹೋಯಿತು. ಅಡುಗೆಮನೆ ಕಟ್ಟೆಯ ಮೇಲೆ ಆ ಡಬ್ಬಿ ನಮ್ಮಿಬ್ಬರನ್ನೇ ನೋಡುತ್ತಿತ್ತು. “ಕಟ್ಟಿದ ಬುತ್ತಿ ಮನೇಲಿ ಬಿಚ್ಚಬಾರದು ಕಣೇ, ನಡಿ” ಅಂದರು.

ಸ್ಕೂಟರಿನಲ್ಲೇ ಹೊರಟೆವು. ತೊಡೆಯ ಮೇಲೆ ಡಬ್ಬಿ, ಬನ್ನೂರಿನ ದಾರಿ, ಎರಡೂ ಕಡೆ ಗದ್ದೆ, ಮುಂದೆ ಕಬ್ಬು ತುಂಬಿದ ಎತ್ತಿನ ಗಾಡಿ. ಟಿ.ಟಿ.ಯಲ್ಲಿ ಕೂತಾಗ ಈ ಗಾಡಿಗಳಿಗೆ ಬೈದುಕೊಂಡು ಹೋಗುತ್ತಿದ್ದೆವು. ಅವತ್ತು ಅದರ ಹಿಂದೆಯೇ ಮೆಲ್ಲಗೆ ಹೋದೆವು. ಯಾರೂ ವಾಂತಿ ಬರುತ್ತೆ ಅನ್ನಲಿಲ್ಲ.

ಸೋಮನಾಥಪುರದ ಬಾಗಿಲು ದಾಟಿದ ಮೇಲೆ ಏನು ಮಾಡಬೇಕು ಅಂತ ಇಬ್ಬರಿಗೂ ತಿಳಿಯಲಿಲ್ಲ. ಹೇಳಿಸಿಕೊಳ್ಳುವವರೇ ಇಲ್ಲ. “1268, ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು, ಮೂರು ಗರ್ಭಗುಡಿ, ಕೇಶವ, ಜನಾರ್ದನ, ವೇಣುಗೋಪಾಲ” ಅಂತ ಒಂದೇ ಉಸಿರಿನಲ್ಲಿ ಒಪ್ಪಿಸುವುದು ಗಂಟಲವರೆಗೆ ಬಂದು ನಿಂತಿತು. ಜಗತಿಯ ಮೇಲೆ ಹತ್ತಿ, ಗೋಡೆಯ ಬುಡದಲ್ಲಿ ಆನೆಗಳ ಸಾಲು ಹಿಡಿದು ಸುಮ್ಮನೆ ನಡೆದೆವು. ಆನೆ, ಮೇಲೆ ಕುದುರೆ ಸವಾರರು, ಮೇಲೆ ಬಳ್ಳಿ, ಮೇಲೆ ಪುರಾಣ. ಒಂದು ಆನೆಯಂತೆ ಇನ್ನೊಂದಿಲ್ಲ. ವಿಗ್ರಹಗಳ ಕೆಳಗೆ ಕೆತ್ತಿದವರು ಹೆಸರು ಬರೆದಿದ್ದಾರೆ ಅಂತ ಎಲ್ಲೋ ಓದಿದ್ದ ನಮ್ಮವರು, ಕನ್ನಡಕ ಏರಿಸಿ ಬಗ್ಗಿ ಬಗ್ಗಿ ಮಲ್ಲಿತಮ್ಮನನ್ನು ಹುಡುಕಿದರು. ಹಳಗನ್ನಡದ ಲಿಪಿ ಓದಲು ಬರದಿದ್ದರೂ ಸಿಕ್ಕ ಅಕ್ಷರವೆಲ್ಲ ಅವರಿಗೆ ಮಲ್ಲಿತಮ್ಮನೇ.

ಒಳಗೆ ಹೋದಾಗ ಅವರು ಮೇಲೆ ನೋಡು ಅಂದರು. ನವರಂಗದ ಛಾವಣಿಯಲ್ಲಿ ಒಂದೊಂದು ಅಂಕಣಕ್ಕೆ ಒಂದೊಂದು ಥರ ಕೆತ್ತನೆ, ನಡುವಿನಿಂದ ಕಲ್ಲಿನ ಬಾಳೆಹೂವು ಮೊಗ್ಗಾಗಿ ಇಳಿಬಿದ್ದಿದೆ, ಎಸಳು ಎಸಳಾಗಿ. ಹಿತ್ತಲಿನಲ್ಲಿ ಕೊಯ್ದು ಪಲ್ಯಕ್ಕೆ ಬಿಡಿಸುವ ಅದೇ ಬಾಳೆಹೂವು. ನಾನು ಅದನ್ನು ಯಾವತ್ತೂ ನೋಡಿರಲಿಲ್ಲ. ಹದಿಮೂರು ಸಲವೂ ಆ ಕತ್ತಲಲ್ಲಿ ತಲೆ ಎಣಿಸಿದ್ದೆ, ಎತ್ತಿರಲಿಲ್ಲ. ಕತ್ತು ನೋಯುವವರೆಗೆ ನೋಡಿದೆ.

ಯಾವುದೋ ಹಳ್ಳಿ ಶಾಲೆಯ ಮಕ್ಕಳು ಮೇಷ್ಟರ ಜೊತೆ ಬಂದಿದ್ದರು. ಹೊರಗೆ ಹುಲ್ಲಿನ ಪಕ್ಕದ ನೆರಳಿನಲ್ಲಿ ಡಬ್ಬಿ ಬಿಚ್ಚಿದಾಗ ಪುಳಿಯೋಗರೆ ಅವರ ಪಾಲಾಯಿತು. ತಲಕಾಡಿಗೆ ಹೋಗಲಿಲ್ಲ. ಎರಡು ಗಂಟೆಗೆಲ್ಲ ಮನೆ ಸೇರಿ, ಕಾಲು ನೀಡಿಕೊಂಡು ನಿದ್ದೆ ಮಾಡಿದೆವು. ಪ್ರವಾಸದ ದಿನ ಮಧ್ಯಾಹ್ನದ ನಿದ್ದೆ ಅಂದರೆ ಏನೋ ಕದ್ದ ಹಾಗೆ.

ಸಂಜೆ ನಾದಿನಿಯ ಫೋನು. ಜ್ವರ ಇಳಿದಿದೆಯಂತೆ. “ಮುಂದಿನ ಭಾನುವಾರ ಖಂಡಿತ ಬರ್ತೀವಿ ಅತ್ತಿಗೆ. ಸೋಮನಾಥಪುರಕ್ಕೆ ಹೋಗೋಣ. ಅದೇನೋ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರ್ತಂತಲ್ಲ, ನೀವೂ ಮನೇಲೇ ಇರ್ತೀರ, ನಮ್ಮ ದೆಸೆಯಿಂದ ನೀವೂ ಒಂದ್ಸಲ ನೋಡಿದ ಹಾಗಾಗತ್ತೆ.”

“ಬನ್ನಿ, ಬನ್ನಿ” ಅಂದೆ. ಫೋನಿಟ್ಟು ಗೊಜ್ಜಿನ ಬಾಟಲಿ ತೆಗೆದು ನೋಡಿದೆ. ಎಂಟು ಜನಕ್ಕೆ ಸಾಲದು, ಹುಣಿಸೆಹಣ್ಣು ನೆನೆಹಾಕಬೇಕು.